ಬೀದಿ ಕೋಣೆಯ ಎಂಟು ದಿನ

ಹಬ್ಬಕ್ಕೆಂದು ಬಂದವರು ರೈಲಿನಿಂದ ಇಳಿದು, ಪೆಟ್ಟಿಗೆ ಕೆಳಗಿಟ್ಟು, ಸ್ಟೇಷನ್ನಿನ ಟೀ ಅಂಗಡಿಯವನನ್ನು “ಇಲ್ಲಿ ಉಳಿಯೋಕೆ ಒಳ್ಳೆ ಜಾಗ ಎಲ್ಲಿದೆ?” ಎಂದು ಕೇಳಿದರೆ ಅವನು ಮೊದಲು ಅವರ ಮುಖ ನೋಡುತ್ತಿದ್ದ. ಕುಡಿದು ಕೂಗಾಡುವ ಪೈಕಿ ಎನಿಸಿದರೆ ಹೋಟೆಲಿನ ದಾರಿ ತೋರಿಸುತ್ತಿದ್ದ. ದಿಂಬಿಗೆ ತಲೆ ಕೊಟ್ಟೊಡನೆ ನಿದ್ದೆ ಬಂದರೆ ಸಾಕು ಎನ್ನುವವರ ಹಾಗೆ ಕಂಡರೆ, “ಕೋಣೆಯಮ್ಮನ ಮನೆಗೆ ಹೋಗಿ. ಆ ಮನೇಲಿ ಜನ ಇದಾರೋ ಇಲ್ವೋ ಅಂತಾನೇ ಗೊತ್ತಾಗಲ್ಲ” ಎನ್ನುತ್ತಿದ್ದ.

ಈ ಮಾತನ್ನು ಯಾರಾದರೂ ಬಾಗಿಲಲ್ಲಿ ನಿಂತು ಹೇಳಿದರೆ ಕೋಣೆಯಮ್ಮನ ಬೆನ್ನು ಒಂದಿಂಚು ನೆಟ್ಟಗಾಗುತ್ತಿತ್ತು. ವರ್ಷದ ಉಳಿದ ದಿನಗಳಲ್ಲಿ ಆಕೆ ಅಂಗಡಿಗಳಿಗೆ ದಿಂಬಿನ ಗವಸು ಹೊಲಿದುಕೊಡುವ ಹೆಂಗಸು. ಹಬ್ಬದ ಎಂಟು ದಿನ ಮಾತ್ರ ಊರಿಗೇ ಆತಿಥೇಯಳು.

ಮನೆಯೆಂದರೆ ಏನು, ಉದ್ದಕ್ಕೆ ಒಂದರ ಹಿಂದೊಂದು ಪೋಣಿಸಿದ ಎರಡು ಕೋಣೆ, ಹಿಂದೊಂದು ಅಡುಗೆಮನೆ, ಪಕ್ಕದಲ್ಲಿ ಒಬ್ಬರು ಓಡಾಡುವಷ್ಟು ಅಗಲದ ಓಣಿ, ಓಣಿಯ ಕೊನೆಗೆ ಬಚ್ಚಲು, ಮಹಡಿಗೆ ಹತ್ತುವ ಕಬ್ಬಿಣದ ಮೆಟ್ಟಿಲು. ಬೀದಿ ಕಡೆಯ ಕೋಣೆಗೆ ದೊಡ್ಡ ಕಿಟಕಿ ಇತ್ತು, ಅದು ಅತಿಥಿಗಳದ್ದು. ನಡುವಿನ ಕೋಣೆ ಅವರ ಸಾಮಾನಿಗೆ, ಬಟ್ಟೆ ಬದಲಾಯಿಸಲಿಕ್ಕೆ. ಮನೆಯವರು ಆ ಎಂಟು ದಿನ ಅಡುಗೆಮನೆಯಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಪಿಸುಗುಡಬೇಕು.

ಕೋಣೆಯಮ್ಮನ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಗಂಡನ ಭುಜಗಳು ಮೇಲಕ್ಕೆ ಹಾರಿದ್ದನ್ನು, ಮುಖ ಕೆಂಪಾದದ್ದನ್ನು, ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಗಾಬರಿಯಾದಳು. “ಏನಾಯ್ತು ರೀ?” ಎಂದು ಅವನ ಬೆನ್ನು ಹಿಡಿದಳು.

“ಏನಿಲ್ಲ, ಸೀನಿದೆ.”

“ಸದ್ದೇ ಬರಲಿಲ್ಲ!”

“ಹಬ್ಬದ ಸೀನು ಅದು,” ಎಂದು ಒಳಗಿಂದ ಅತ್ತೆ ನಕ್ಕರು. “ನನ್ನ ಮಗ ಅದರಲ್ಲಿ ಪಂಡಿತ. ನಿನಗೂ ಕಲಿಸ್ತೀನಿ ಇರು.”

ಹಾಗೆಯೇ ಹಬ್ಬದ ನಡಿಗೆ ಎಂದೂ ಒಂದಿತ್ತು: ಹಿಮ್ಮಡಿ ನೆಲಕ್ಕೆ ತಾಗಿಸದೆ ನಡೆಯುವುದು. ಪಾತ್ರೆಯ ಕೆಳಗೆ ಬಟ್ಟೆ ಹಾಸಿ ಇಡುವುದು ಹಬ್ಬದ ಪಾತ್ರೆ. ಸೊಸೆ ಮೊದಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇದರ ಹಿಂದಿನ ಕತೆ ಕೇಳಿದ ಮೇಲೆ ನಗುವುದನ್ನು ಬಿಟ್ಟಳು.

ಆ ಕತೆಯನ್ನು ಅತ್ತೆ ಗವಸಿಗೆ ಗುಂಡಿ ಹಚ್ಚುತ್ತಾ ಹೇಳಿದ್ದರು. ಗಂಡ ಸತ್ತ ವರ್ಷ, ಮೊದಲ ಸಲ ಕೋಣೆ ಕೊಟ್ಟದ್ದು. ಬಂದವರು ಗಂಡ ಹೆಂಡತಿ, ದೊಡ್ಡ ಪೆಟ್ಟಿಗೆಯವರು. ಮಗನಿಗೆ ಆಗ ಎರಡು ವರ್ಷ, ಕಿವಿ ನೋವು. ರಾತ್ರಿಯಿಡೀ ಅತ್ತಿತು ಮಗು. ಬೆಳಿಗ್ಗೆ ಆ ಹೆಂಗಸು ಒಂದು ಮಾತನ್ನೂ ಆಡದೆ ಪೆಟ್ಟಿಗೆ ಕಟ್ಟಿದಳು. ಬೀದಿಯವರೆಲ್ಲ ನೋಡುತ್ತಿರುವಾಗಲೇ ಇಬ್ಬರೂ ಹೋಟೆಲಿಗೆ ಹೊರಟುಹೋದರು.

“ಬಾಗಿಲಲ್ಲಿ ನಿಂತಿದ್ದೆ ಕಣೇ. ಹಿಂದಿನ ದಿನ ಹಾಸಿದ್ದ ಹೊಸಾ ಬೆಡ್‌ಶೀಟು, ಅದರ ಮಡಿಕೆ ಸಹ ಮಾಸಿರಲಿಲ್ಲ,” ಎಂದು ಅತ್ತೆ ದಾರ ಕಚ್ಚಿ ಕಿತ್ತರು. “ಆಮೇಲೆ ಇವತ್ತಿನವರೆಗೆ ಒಬ್ಬರೂ ಸದ್ದು ಅಂತ ಈ ಮನೆಯಿಂದ ಹೋಗಿಲ್ಲ.”

ಮಗ ದಿಂಬಿಗೆ ಮುಖವೊತ್ತಿ ಅಳುವುದನ್ನು ಕಲಿತದ್ದು ಮುಂದಿನ ಹಬ್ಬಗಳ ಎಂಟೆಂಟು ದಿನಗಳಲ್ಲೇ. ಈಗ ಅವನು ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುತ್ತಾನೆ.

ಅತ್ತೆಯ ಹೆಸರು ಊರಲ್ಲಿ ಹಬ್ಬಿದ್ದು ನಿಶ್ಶಬ್ದದಿಂದ ಮಾತ್ರವಲ್ಲ, ಬಾಗಿಲ ಹಿಂದೆ ಅಂಟಿಸುತ್ತಿದ್ದ ಕಾಗದದಿಂದ ಕೂಡ. ಪ್ರತಿ ವರ್ಷ ಹೊಸದಾಗಿ, ಕೈಯಾರೆ ಬರೆಯುತ್ತಿದ್ದರು. ಬರೆಯುವ ಮುಂಚೆ ಹಳೆಯ ಪೆಟ್ಟಿಗೆಯೊಂದಕ್ಕೆ ಇಸ್ತ್ರಿ ಪೆಟ್ಟಿಗೆ, ಎರಡು ಕಂಬಳಿ, ಒಂದು ಜೊತೆ ಬೂಟು ತುಂಬಿ, ಅದನ್ನು ಸ್ಟೇಷನ್ನಿನಿಂದ ಮನೆಗೆ ಹೊತ್ತು ನಡೆದು ನಿಮಿಷ ಎಣಿಸುತ್ತಿದ್ದರು. ಕೈಬೀಸಿ ನಡೆದವರ ಲೆಕ್ಕ ಹಬ್ಬಕ್ಕೆ ಬಂದವರಿಗೆ ಯಾಕೆ ಬೇಕು, ಎನ್ನುತ್ತಿದ್ದರು. ಪ್ರತಿ ಊಟದ ಮನೆಗೂ ಹೋಗಿ ಉಂಡು, ಕೈತೊಳೆಯುವ ಜಾಗವನ್ನೂ ಇಣುಕಿ ನೋಡಿ ಬರುತ್ತಿದ್ದರು. ಆ ಕಾಗದದಲ್ಲಿ ಹೀಗೆಲ್ಲ ಇರುತ್ತಿತ್ತು:

“ಮೂಲೆಯ ಹೋಟೆಲಿಗೆ ಹನ್ನೆರಡರ ಒಳಗೆ ಹೋಗಿ. ಒಂದು ಗಂಟೆ ಆಯಿತೆಂದರೆ ಬಿಸಿ ಮಾಡಿದ್ದನ್ನೇ ಬಿಸಿ ಮಾಡುತ್ತಾರೆ. ಸೇತುವೆ ಪಕ್ಕದ ಹಸಿರು ಬಾಗಿಲಿನ ಊಟದ ಮನೆ: ಯಜಮಾನಿಗೆ ಮುಂಗೋಪ, ಅಡುಗೆ ಚೆನ್ನ. ಮೆರವಣಿಗೆಯ ದಿನ ಸೇತುವೆ ಮುಚ್ಚುತ್ತಾರೆ. ಹದಿನಾಲ್ಕನೇ ನಂಬರಿನ ಬಸ್ಸು ಗಡಿಯಾರದ ಕಂಬ ಸುತ್ತಿ ಬರುತ್ತದೆ. ಅದನ್ನು ಕಾಯುವುದಕ್ಕಿಂತ ನಡೆಯುವುದು ಬೇಗ. ಚಾಲಕ ನನ್ನ ಮಗನಾದರೆ ಕಾಯಿರಿ.”

ಆ ವರ್ಷ ಹಬ್ಬಕ್ಕೆ ಎರಡು ತಿಂಗಳಿರುವಾಗ ಅತ್ತೆಗೆ ಮೆಟ್ಟಿಲು ಹತ್ತಲಾಗದೆ ಹೋಯಿತು. ಕಾಲು ಊದಿಕೊಂಡವು. ಹೃದಯ ದಣಿದಿದೆ, ಎಂದರು ಡಾಕ್ಟರು. ಒರಗಿ ಕೂತೇ ಮಲಗಬೇಕು, ಉಸಿರು ಸಿಕ್ಕಿಕೊಂಡ ಹಾಗಾದರೆ ತಕ್ಷಣ ಮಾತ್ರೆ ನಾಲಿಗೆ ಕೆಳಗಿಟ್ಟು ಆಸ್ಪತ್ರೆಗೆ ಕರೆತರಬೇಕು. “ತಕ್ಷಣ ಅಂದ್ರೆ ತಕ್ಷಣ. ಆಮೇಲೆ ನೋಡೋಣ ಅನ್ನೋ ಹಾಗಿಲ್ಲ,” ಎಂದು ಸೊಸೆಯ ಕಡೆಗೇ ನೋಡಿ ಹೇಳಿದರು.

“ಈ ಸಲ ಕೋಣೆ ಕೊಡೋದು ಬೇಡ ಅತ್ತೆ,” ಎಂದಳು ಸೊಸೆ ಮನೆಗೆ ಬಂದವಳೇ.

“ಅಕ್ಕ ತಂಗಿ ಇಬ್ಬರು ಕಾಗದ ಬರೆದಿದಾರೆ. ಬನ್ನಿ ಅಂತ ನಾನೂ ಬರೆದಾಗಿದೆ.”

“ಇನ್ನೊಂದು ಬರೆದರಾಯ್ತು.”

“ಏನಂತ? ನನಗೆ ಮುಪ್ಪು ಬಂತು, ನೀವು ಬೀದೀಲಿ ಮಲಗಿ ಅಂತಾನಾ?” ಅತ್ತೆ ಒಂದೊಂದು ಮಾತಿಗೂ ಉಸಿರು ಹೊಂದಿಸಿಕೊಳ್ಳುತ್ತಿದ್ದರು. “ಹಬ್ಬದಲ್ಲಿ ಈ ಊರಲ್ಲಿ ಕೋಣೆ ಸಿಗುತ್ತೇನೇ? ನಿನ್ನ ಗಂಡನ್ನ ಕೇಳು, ಬಸ್ ಸ್ಟ್ಯಾಂಡಲ್ಲಿ ಜನ ಹ್ಯಾಗೆ ಬಿದ್ಕೊಂಡಿರ್ತಾರೆ ಅಂತ.”

ಮಗ ಇಬ್ಬರ ನಡುವೆ ಕೂತು ಬೂಟಿನ ದಾರ ಬಿಚ್ಚುತ್ತಲೇ ಇದ್ದ. ಬಿಚ್ಚಿದ್ದನ್ನು ಮತ್ತೆ ಕಟ್ಟಿ ಮತ್ತೆ ಬಿಚ್ಚಿದ. ಕಡೆಗೆ, “ಎಂಟು ದಿನ ತಾನೇ,” ಎಂದ.

ಪೆಟ್ಟಿಗೆ ಹೊತ್ತು ನಡೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ಒಂದೂವರೆ ವರ್ಷದ ಮಗಳು ಸೊಂಟದಲ್ಲಿ, ಪೆಟ್ಟಿಗೆ ಕೈಯಲ್ಲಿ. ಬೆವರು ಒರೆಸಿಕೊಳ್ಳುತ್ತಾ ಬಂದವಳನ್ನು ಅತ್ತೆ ಅಡುಗೆಮನೆಯ ಮಂಚದಿಂದಲೇ ಕೇಳಿದರು: “ಎಷ್ಟಾಯ್ತು?”

“ಇಪ್ಪತ್ತೆರಡು ನಿಮಿಷ.”

“ಮಗು ಎತ್ಕೊಂಡಿದ್ದೆಯಲ್ಲ? ಹದಿನೆಂಟು ಅಂತ ಬರಿ. ಹಸಿರು ಬಾಗಿಲಿನವಳು ಇನ್ನೂ ಸಿಡುಕ್ತಾಳಾ?”

“ಮಗು ಚಮಚ ಬೀಳಿಸಿತು ಅಂತ ಕಣ್ಣು ಬಿಟ್ಟಳು.”

“ಹಾಗಾದ್ರೆ ಅಡುಗೆ ಚೆನ್ನಾಗೇ ಇದೆ. ಹಾಗೇ ಬರಿ.”

ಸೊಸೆ ತನ್ನ ಮಟ್ಟಿಗೆ ಎಲ್ಲ ಏರ್ಪಾಡನ್ನೂ ಮಾಡಿದಳು. ಮೂರು ದಿಂಬು ಒರಗಿಸಿಟ್ಟಳು. ಮಗು ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನದು. ಅದಕ್ಕೇ ಮಾತ್ರೆಯ ಡಬ್ಬಿಯನ್ನು ಮೇಲಿನ ಗೂಡಿನಲ್ಲಿಟ್ಟಳು. ಅತ್ತೆಯ ಕೈಗೆ ಸ್ಟೀಲಿನ ಲೋಟ, ಚಮಚ ಕೊಟ್ಟು, “ನಾನು ಮಹಡಿ ಮೇಲೆ ಬಟ್ಟೆ ಹರವೋಕೆ ಹೋದಾಗ ಏನಾದ್ರೂ ಆದ್ರೆ ಇದನ್ನ ಬಡೀರಿ. ನಾಚಿಕೆ ಪಟ್ಕೋಬೇಡಿ,” ಎಂದಳು. ಒಂದು ಸಲ ಪರೀಕ್ಷೆಯೂ ಆಯಿತು. ಅತ್ತೆ ಬಡಿದ ಸದ್ದಿಗೆ ಮಹಡಿಯ ಮೇಲಿದ್ದ ಸೊಸೆ ಬೆಚ್ಚಿಬಿದ್ದಳು, ಎದುರುಮನೆಯ ಮುದುಕ ಕಿಟಕಿಯಿಂದ ತಲೆ ಹಾಕಿ, “ಏನು ಕೋಣೆಯಮ್ಮ, ಊಟದ ಗಂಟೆಯೇ?” ಎಂದ.

“ನಿಮಗಲ್ಲ, ಒಳಗೆ ಹೋಗಿ,” ಎಂದರು ಅತ್ತೆ. ಅಂದು ಅವರು ಲವಲವಿಕೆಯಲ್ಲಿದ್ದರು. ಆದರೆ ಲೋಟವನ್ನು ದಿಂಬಿನ ಪಕ್ಕಕ್ಕಿಡುವಾಗ, “ಇಷ್ಟು ಜೋರಾ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದು ಸೊಸೆಯ ಕಿವಿಗೆ ಬಿತ್ತು. ಬಿದ್ದರೂ ಅವಳು ಅದಕ್ಕೆ ಹೆಚ್ಚೇನೂ ಅರ್ಥ ಹಚ್ಚಲಿಲ್ಲ.

ಅಕ್ಕ ತಂಗಿ ಬಂದರು. ಇಬ್ಬರೂ ಅರವತ್ತರ ಆಸುಪಾಸಿನವರು. ತಂಗಿ ಮಾತಿನ ಮಲ್ಲಿ. ಅಕ್ಕ ಕನ್ನಡಕ ಏರಿಸಿ ಬಾಗಿಲ ಹಿಂದಿನ ಕಾಗದವನ್ನು ಎರಡೆರಡು ಸಲ ಓದಿದಳು. “ಇದನ್ನ ಬರೆದವರು ಎಲ್ಲಮ್ಮ? ಕಾಗದದಲ್ಲೇ ಸ್ನೇಹ ಆಗಿಬಿಟ್ಟಿದೆ,” ಎಂದಳು.

ಏನು ಹೇಳಬೇಕೆಂದು ಅತ್ತೆ ಮೊದಲೇ ಬಾಯಿಪಾಠ ಮಾಡಿಸಿದ್ದರು. ಮನೆಯ ಕಾಯಿಲೆ ಅತಿಥಿಗೆ ಗೊತ್ತಾದರೆ ಅವರಿಗೆ ತಿಂದದ್ದು ರುಚಿಸುವುದಿಲ್ಲ, ನಕ್ಕದ್ದು ನಗುವಾಗುವುದಿಲ್ಲ ಎಂಬುದು ಅವರ ವಾದ. “ಅತ್ತೆ. ಅವರ ತಂಗಿ ಮನೆಗೆ ಹೋಗಿದಾರೆ,” ಎಂದಳು ಸೊಸೆ, ಮಗುವಿನ ಮೂಗು ಒರೆಸುವ ನೆಪದಲ್ಲಿ ತಲೆ ತಗ್ಗಿಸಿ.

ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿದರೆ ಅತ್ತೆಯ ಮುಖ ಅರಳಿತ್ತು. “ಎಷ್ಟು ವರ್ಷದಿಂದ ಹೋಗಬೇಕು ಅಂತಿದ್ದೆ ತಂಗಿ ಮನೆಗೆ,” ಎಂದು ಪಿಸುಗುಟ್ಟಿದರು. “ಕೂತಲ್ಲೇ ಹೋಗಿ ಬಂದೆ ನೋಡು.”

ಐದು ದಿನ ಸುಸೂತ್ರವಾಗಿ ಕಳೆದವು. ಅಕ್ಕ ತಂಗಿ ಬೆಳಿಗ್ಗೆ ಹೊರಡುವರು, ಮಧ್ಯಾಹ್ನ ಬಂದು ಮಲಗುವರು, ಸಂಜೆ ಮತ್ತೆ ಹಾಡು ನಾಟಕ ಎಂದು ಹೋಗುವರು. ಅವರು ಏನು ತಿಂದರು, ಯಾವ ಬಸ್ಸು ಹತ್ತಿದರು, ಸೇತುವೆಯ ಹತ್ತಿರ ನೂಕುನುಗ್ಗಲು ಹೇಗಿತ್ತು ಎಂಬುದನ್ನೆಲ್ಲ ಸೊಸೆ ಕೇಳಿಕೊಂಡು ಬಂದು ಹೇಳಬೇಕು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಾ ಊರನ್ನೆಲ್ಲ ಸುತ್ತಿಬರುತ್ತಿದ್ದರು. ಕೆಮ್ಮು ಬಂದರೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೊತ್ತಿಕೊಳ್ಳುತ್ತಿದ್ದರು. “ಕೆಮ್ಮಿಬಿಡಿ ಅತ್ತೆ, ಅವರಿಗೇನು ಕೇಳಲ್ಲ,” ಎಂದರೆ ತಲೆಯಾಡಿಸಿ ಬೇಡವೆನ್ನುವರು, ಮಾತನಾಡಲು ಉಸಿರಿರುತ್ತಿರಲಿಲ್ಲ.

ಆರನೆಯ ದಿನ ಮೆರವಣಿಗೆ.

ಸೇತುವೆ ಮುಚ್ಚಿತ್ತು. ಗಂಡ ಬೆಳಗಿನ ಜಾವವೇ ಬಸ್ಸಿಗೆ ಹೋಗಿದ್ದ. ಅಕ್ಕ ತಂಗಿ ಬೆಳಿಗ್ಗೆಯೇ ಜಾಗ ಹಿಡಿದು ನಿಂತು ಸಾಕಾಗಿ, ಮೆರವಣಿಗೆ ಹೊರಡುವ ಮೊದಲೇ ವಾಪಸು ಬಂದು, ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದರು. ಮೂರು ಗಂಟೆ. ಸೊಸೆ ಒಗೆದ ಬೆಡ್‌ಶೀಟುಗಳ ಬಕೆಟ್ಟನ್ನು ಒಂದು ಕೈಯಲ್ಲಿ, ಮಗುವನ್ನು ಇನ್ನೊಂದರಲ್ಲಿ ಹಿಡಿದು, “ಐದೇ ನಿಮಿಷ ಅತ್ತೆ,” ಎಂದಳು. ಅತ್ತೆ ಕೈಬೀಸಿ ಹೋಗು ಎಂದರು. ಲೋಟ ಅವರ ಪಕ್ಕದಲ್ಲೇ, ಹೊದಿಕೆಯಡಿ ಇತ್ತು.

ಬೆಡ್‌ಶೀಟು ಹರವಿ ಮುಗಿಯುವ ಹೊತ್ತಿಗೆ ಮಗು ಹೆಗಲ ಮೇಲೆಯೇ ನಿದ್ದೆಹೋಗಿತ್ತು. ಹಲ್ಲು ಬರುತ್ತಿದ್ದ ಮಗು. ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಆ ಕಬ್ಬಿಣದ ಮೆಟ್ಟಿಲು ಇಳಿದರೆ ಎಚ್ಚರವಾಗುವುದು ಖಂಡಿತ, ಎಚ್ಚರವಾದರೆ ಬೀದಿಗೆಲ್ಲ ಕೇಳುವಂತೆ ಅಳುವುದೂ ಖಂಡಿತ. ಕೆಳಗೆ ಅತಿಥಿಗಳು ಮಲಗಿದ್ದಾರೆ. ನಿದ್ದೆ ಸ್ವಲ್ಪ ಗಟ್ಟಿಯಾಗಲಿ ಎಂದು ಅವಳು ಒಣಗುವ ಬಟ್ಟೆಯ ನೆರಳಿನಲ್ಲಿ ನಿಂತಳು. ದೂರದಲ್ಲಿ ಸೇತುವೆಯ ಮೇಲೆ ಮೆರವಣಿಗೆ ಹೋಗುತ್ತಿತ್ತು. ಈ ಮನೆಗೆ ಬಂದು ನಾಲ್ಕು ಹಬ್ಬ ಕಳೆದಿದ್ದರೂ ಅವಳು ಮೆರವಣಿಗೆ ನೋಡಿದವಳಲ್ಲ. ಬೆರಳಿನಷ್ಟು ಎತ್ತರದ ಜನ, ಬಾವುಟಗಳು, ಹೊಳೆಯುವ ಕಹಳೆಗಳು. ಸದ್ದು ಇಲ್ಲಿಯತನಕ ಬರುತ್ತಿರಲಿಲ್ಲ. ಅವಳು ನೋಡುತ್ತಾ ನಿಂತೇ ಇದ್ದಳು. ಕಿವಿ ಮಾತ್ರ ಕೆಳಗಿತ್ತು, ಲೋಟದ ಸದ್ದಿಗೆ. ಲೋಟದ ಸದ್ದು ಬರಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ಇಳಿದಳು. ಹಬ್ಬದ ನಡಿಗೆಯಲ್ಲಿ.

ಅತ್ತೆ ದಿಂಬುಗಳಿಂದ ಒಂದು ಪಕ್ಕಕ್ಕೆ ಜಾರಿದ್ದರು. ಚಮಚ ಬಲಗೈ ಮುಷ್ಟಿಯಲ್ಲಿತ್ತು. ಲೋಟವನ್ನು ಎಡಗೈ ಎದೆಗೆ ಅವುಚಿಕೊಂಡಿತ್ತು. ಸೊಸೆ ಮಗುವನ್ನು ನೆಲದ ಚಾಪೆಯ ಮೇಲೆ ಮಲಗಿಸಿ, ಅವರ ಕೆನ್ನೆ ಮುಟ್ಟಿದಳು, ಮೂಗಿನ ಹತ್ತಿರ ಕೈ ಹಿಡಿದಳು, ಮೇಲಿನ ಗೂಡಿನಿಂದ ಮಾತ್ರೆ ತೆಗೆದು ನಾಲಿಗೆಯ ಕೆಳಗಿಟ್ಟಳು. ಆಮೇಲೆ ಲೋಟವನ್ನು ಬಿಡಿಸಿಕೊಂಡು ಅದರೊಳಗೆ ನೋಡಿದಳು.

ಒಳಗೆ ಕರವಸ್ತ್ರವನ್ನು ಮಡಿಚಿ ಮಡಿಚಿ ತುಂಬಿತ್ತು. ಹೊರಗೆ ಗವಸಿನ ಬಟ್ಟೆಯ ತುಂಡೊಂದನ್ನು ಸುತ್ತಿ, ಬಿಚ್ಚದ ಹಾಗೆ ನಾಲ್ಕು ಹೊಲಿಗೆ ಹಾಕಿತ್ತು. ಅಚ್ಚುಕಟ್ಟಾದ ಸಣ್ಣ ಹೊಲಿಗೆ. ಯಾವತ್ತೋ ಕೂತು, ಸಾವಧಾನವಾಗಿ ಮಾಡಿದ್ದು. ಒಂದು ಕಡೆ ಬಟ್ಟೆಯ ಮೇಲೆ ಚಮಚದ ಪೆಟ್ಟು ಬಿದ್ದು ಬಿದ್ದು ಗುರುತಾಗಿತ್ತು.

ಸೊಸೆ ಓಡಿದಳು. ಹಿಮ್ಮಡಿ ಊರಿ, ದಡದಡನೆ ಓಣಿಯಲ್ಲಿ ಓಡಿ, ಬೀದಿ ಕೋಣೆಯ ಬಾಗಿಲು ಬಡಿದಳು. ಅಕ್ಕ ಎದ್ದು ಬಂದವಳು ಏನೂ ಕೇಳದೆ ಅವಳ ಹಿಂದೆಯೇ ಅಡುಗೆಮನೆಗೆ ಬಂದಳು. ಮಂಚದ ಹತ್ತಿರ ಬಗ್ಗಿ ಕುತ್ತಿಗೆಯಲ್ಲಿ ಎರಡು ಬೆರಳಿಟ್ಟಳು, ರೆಪ್ಪೆ ಎತ್ತಿ ನೋಡಿದಳು, ಎದೆಗೆ ಕಿವಿ ಕೊಟ್ಟಳು. ಆ ಕೈಗಳಿಗೆ ಕೆಲಸ ಗೊತ್ತಿರುವುದನ್ನು ಸೊಸೆ ನೋಡಿದಳು.

“ನೀವು...”

“ಮೂವತ್ತೊಂದು ವರ್ಷ ನರ್ಸಾಗಿದ್ದೆ,” ಎಂದಳು ಆಕೆ, ಅತ್ತೆಯ ರೆಪ್ಪೆ ಮುಚ್ಚುತ್ತಾ. “ಹೋಗಿಬಿಟ್ಟಿದಾರೆ ತಾಯಿ. ಈಗಷ್ಟೇ. ಮೈ ಇನ್ನೂ ಬೆಚ್ಚಗಿದೆ.” ಆಮೇಲೆ, “ಇವರು ಯಾರು?” ಎಂದು ಕೇಳಿದಳು.

“ಅತ್ತೆ.”

“ತಂಗಿ ಮನೆಗೆ ಹೋಗಿದಾರೆ ಅಂದ್ರಲ್ಲ?”

ಆಕೆ ಮಂಚದ ಅಂಚಿಗೆ ಕೂತು, ಸೊಸೆಯ ಕೈಯಲ್ಲಿದ್ದ ಲೋಟವನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಚಮಚದಿಂದ ಒಮ್ಮೆ ತಟ್ಟಿದಳು. ಟಪ್, ಎಂದಿತು. “ಕೇಳಿಸ್ತು ನನಗೆ,” ಎಂದಳು ನಿಧಾನವಾಗಿ. “ಮಲಗಿದ್ದಾಗ. ಯಾರೋ ಬಟ್ಟೆ ಕುಟ್ತಿದಾರೆ ಅಂದ್ಕೊಂಡು ಮಗ್ಗುಲು ಬದಲಾಯಿಸಿದೆ. ಒಂದೇ ಒಂದು ಕೋಣೆಯ ಆಚೆಗಿದ್ದೆನಲ್ಲಮ್ಮ ನಾನು.”

ಬಸ್ಸಿನ ಡಿಪೋಗೆ ಫೋನು ಹೋಯಿತು. ಹದಿನಾಲ್ಕನೇ ನಂಬರು ಗಡಿಯಾರದ ಕಂಬದ ಹತ್ತಿರ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ಮಗ ಬಸ್ಸನ್ನು ಇನ್ನೊಬ್ಬನಿಗೆ ಒಪ್ಪಿಸಿ ನಡೆದೇ ಹೊರಟ. ಖಾಕಿ ಅಂಗಿ ಕಂಡವರೆಲ್ಲ ದಾರಿ ಕೇಳಿದರು. ಸ್ಟೇಷನ್ನಿಗೆ ಯಾವ ಬಸ್ಸಣ್ಣ? ಇಲ್ಲಿ ಊಟ ಎಲ್ಲಿ ಸಿಗುತ್ತೆ? ಸೇತುವೆ ಯಾವಾಗ ತೆಗೀತಾರೆ? ಅವನು ಒಬ್ಬೊಬ್ಬರಿಗೂ ನಿಂತು ಹೇಳಿದನಂತೆ. ಮೂಲೆಯ ಹೋಟೆಲಿಗೆ ಈಗ ಬೇಡ, ಬಿಸಿ ಮಾಡಿದ್ದನ್ನೇ ಕೊಡ್ತಾರೆ, ಹಸಿರು ಬಾಗಿಲಿಗೆ ಹೋಗಿ, ಎಂದನಂತೆ. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. “ಹೇಳದೆ ಹ್ಯಾಗೆ ಬರೋದು? ಅವರಿಗೆ ಗೊತ್ತಿಲ್ವಲ್ಲ,” ಎಂದು ಆಮೇಲೆ ಎಷ್ಟೋ ದಿನ ಹೆಂಡತಿಯನ್ನು ಕೇಳುತ್ತಿದ್ದ.

ಮನೆಗೆ ಬಂದವನು ಬಾಗಿಲಲ್ಲೇ ಬೂಟು ಕಳಚಿ, ತುದಿಗಾಲಲ್ಲಿ ಅಡುಗೆಮನೆಗೆ ಬಂದ. ಅಮ್ಮನ ಪಾದ ಹಿಡಿದು ಕೂತ. ಅವನ ಭುಜಗಳು ಮೇಲಕ್ಕೆ ಹಾರಿದವು, ಮುಖ ಕೆಂಪಾಯಿತು, ಬಾಯಿ ತೆರೆಯಿತು. ಸದ್ದು ಬರಲಿಲ್ಲ.

“ಅಳಪ್ಪ,” ಎಂದಳು ಅಕ್ಕ. “ಜೋರಾಗಿ ಅತ್ತುಬಿಡು. ನಮಗೇನೂ ಆಗಲ್ಲ.”

“ಅಳಿ ರೀ,” ಎಂದಳು ಹೆಂಡತಿ.

ಅವನು ಇಬ್ಬರನ್ನೂ ನೋಡಿದ. ಬಾಯಿ ತೆರೆದೇ ಇತ್ತು, ಕುತ್ತಿಗೆಯ ನರಗಳು ಬಿಗಿದಿದ್ದವು. ಪ್ರಯತ್ನ ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಬರಲಿಲ್ಲ. ಅಷ್ಟರಲ್ಲಿ ಚಾಪೆಯ ಮೇಲೆ ಮಲಗಿದ್ದ ಮಗುವಿಗೆ ಎಚ್ಚರವಾಯಿತು. ಸುತ್ತ ಇಷ್ಟು ಜನ ಕಂಡು, ಒಸಡು ನೋಯುತ್ತಿದ್ದುದಕ್ಕೂ ಸೇರಿಸಿ, ಅದು ಬಾಯಿ ಬಿಟ್ಟು ಗಂಟಲು ಹರಿಯುವಂತೆ ಅತ್ತಿತು. ಅಭ್ಯಾಸಬಲದಿಂದ ಸೊಸೆಯ ಕೈ ಅದರ ಬಾಯಿಯ ಕಡೆಗೆ ಹೋಯಿತು. ಅರ್ಧಕ್ಕೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಗು ಅತ್ತೇ ಅತ್ತಿತು. ಎದುರುಮನೆಯ ಮುದುಕ ಬಂದು ಬಾಗಿಲಲ್ಲಿ ನಿಂತ. ಈ ಮನೆಯಿಂದ ಹಬ್ಬದಲ್ಲಿ ಅಳು ಕೇಳಿ ಎಷ್ಟೋ ವರ್ಷವಾಗಿತ್ತು.

ಅಕ್ಕ ತಂಗಿ ಉಳಿದ ಎರಡು ದಿನ ಹಬ್ಬಕ್ಕೆ ಹೋಗಲಿಲ್ಲ. ತಂಗಿ ಟೀ ಮಾಡಿದಳು, ಪಾತ್ರೆ ತೊಳೆದಳು. ಅಕ್ಕ ಮಗುವಿನ ಒಸಡು ಉಜ್ಜಿದಳು. ಹೊರಡುವ ದಿನ ಬಾಗಿಲ ಹಿಂದಿನ ಕಾಗದ ಕೇಳಿ ಪಡೆದುಕೊಂಡು ಹೋದರು.

ಮಹಡಿಯ ಮೇಲೆ ಅರ್ಧ ಗಂಟೆ ನಿಂತದ್ದನ್ನು ಸೊಸೆ ಗಂಡನಿಗೆ ಹೇಳಿದ್ದು ಏಳು ತಿಂಗಳ ಮೇಲೆ. ಅವನು, “ಮೆರವಣಿಗೆ ಚೆನ್ನಾಗಿತ್ತಾ?” ಎಂದು ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಮತ್ತೆ ಹಬ್ಬ ಬಂತು. “ಈ ವರ್ಷ ಬೇಡ,” ಎಂದ ಗಂಡ.

“ಕೊಡೋಣ,” ಎಂದಳು ಅವಳು. ಪೆಟ್ಟಿಗೆಗೆ ಇಸ್ತ್ರಿ ಪೆಟ್ಟಿಗೆ, ಕಂಬಳಿ, ಬೂಟು ತುಂಬಿದಳು. ಮಗು ಈಗ ನಡೆಯುತ್ತೇನೆಂದು ಹಟ ಮಾಡುತ್ತಿತ್ತು; ದಾರಿಯಲ್ಲಿ ಕಂಡ ಬೆಕ್ಕುಗಳನ್ನೆಲ್ಲ ಮಾತಾಡಿಸಿತು. ಮೂವತ್ತೈದು ನಿಮಿಷವಾಯಿತು. ಮನೆಗೆ ಬಂದು ಅಡುಗೆಮನೆಯ ಬಾಗಿಲು ತೆರೆದವಳು, ಎಷ್ಟಾಯ್ತು ಎಂದು ಯಾರೂ ಕೇಳದ್ದರಿಂದ, ಪೆಟ್ಟಿಗೆ ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ನಿಂತಳು.

ಮಧ್ಯಾಹ್ನ ಹೊಸ ಕಾಗದ ಬರೆಯಲು ಕೂತಳು. ಎಲ್ಲದಕ್ಕೂ ಮೇಲೆ ಹೀಗೆ ಬರೆದಳು: “ಈ ಮನೆಯಲ್ಲಿ ಜನ ಇದ್ದಾರೆ. ಮಗು ಅಳುತ್ತದೆ, ಪಾತ್ರೆ ಬೀಳುತ್ತದೆ, ನಾವು ಕೆಮ್ಮುತ್ತೇವೆ. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ನಿಮ್ಮ ಬಾಗಿಲು ಬಡಿಯುತ್ತೇವೆ. ನೀವೂ ನಮ್ಮದನ್ನು ಬಡಿಯಿರಿ.”

ಗಂಡ ಹೆಗಲ ಮೇಲಿಂದ ಬಗ್ಗಿ ಓದಿದ. “ಹೀಗೆ ಬರೆದ್ರೆ ಯಾರು ಬರ್ತಾರೆ?”

“ಬರೋರು ಬರಲಿ.”

ಉಳಿದದ್ದನ್ನು ಅತ್ತೆಯ ಮಾತಿನಲ್ಲೇ ಇಳಿಸುತ್ತಾ ಹೋದಳು. ಮೂಲೆಯ ಹೋಟೆಲು, ಹಸಿರು ಬಾಗಿಲು, ಮುಚ್ಚುವ ಸೇತುವೆ, ಗಡಿಯಾರದ ಕಂಬ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ನನ್ನ ಗಂಡನಾದರೆ ಎಂದು ಬರೆಯಬೇಕಾಗಿತ್ತು, ಈಗ ಬರೆಯುವವಳು ತಾನಾದ್ದರಿಂದ. ಅವನು ಇನ್ನೂ ಹಿಂದೆಯೇ ನಿಂತಿದ್ದ. ಅವಳು ಕಾಗದವನ್ನು ನೆಟ್ಟಗೆ ಮಾಡಿಕೊಂಡು ಮೊದಲಿನಂತೆಯೇ ಬರೆದಳು: “ಚಾಲಕ ನನ್ನ ಮಗನಾದರೆ ಕಾಯಿರಿ.”